ಸಂಜೆಯೊಳಗೆ ನೋಡಿ ಮುಗಿಸಬೇಕಾದ ಊರು

ನಮ್ಮೂರಿಗೆ ಬಂದವರು ಮೊದಲು ನೋಡಬೇಕಾದದ್ದು ಗಡಿಯಾರದ ಗೋಪುರ. ಅದನ್ನು ನಿಂತುಕೊಂಡೇ ನೋಡಬೇಕು, ಯಾಕೆಂದರೆ ಸುತ್ತಮುತ್ತ ಕೂರಲು ಒಂದು ಕಲ್ಲೂ ಇಲ್ಲ. ಇದ್ದ ಕಲ್ಲುಗಳನ್ನು ಹಿರಿಯರು ಎಂದೋ ಕಿತ್ತು ಹೊಳೆಗೆ ಹಾಕಿದ್ದಾರೆ. ಅಲ್ಲಿಂದ ಬಣ್ಣದ ಬೀದಿ. ಉಣ್ಣೆಗೆ ಬಣ್ಣ ಹಾಕುವವರು ಹಸಿ ನೂಲನ್ನು ಎರಡು ಮಾಳಿಗೆಗಳ ನಡುವೆ ಹಗ್ಗ ಕಟ್ಟಿ ಒಣಹಾಕಿರುತ್ತಾರೆ. ಕೆಳಗೆ ನಡೆದರೆ ತಲೆಯ ಮೇಲೆ ನೀಲಿಯೋ ಕೆಂಪೋ ಹನಿ ಬೀಳುತ್ತದೆ. ಬೀಳಲಿ ಎಂದೇ ಕೆಲವರು ಬಿಳಿ ಬಟ್ಟೆ ಹಾಕಿಕೊಂಡು ಬರುವುದುಂಟು. ಆಮೇಲೆ ಹಳೇ ಅರಮನೆ, ಪೀಚ್ ತೋಟ, ಜೇನಂಗಡಿಗಳ ಸಾಲು, ಬಿಸಿನೀರಿನ ಕೊಳ, ಕೊನೆಗೆ ಗಾಳಿಗುಡ್ಡ. ಗಾಳಿಗುಡ್ಡದ ಮೇಲೆ ನಿಂತು ಕಣಿವೆಯನ್ನೆಲ್ಲ ಒಮ್ಮೆ ಕಣ್ತುಂಬ ನೋಡುವಷ್ಟರಲ್ಲಿ ಸೇತುವೆಯ ಆಚೆಯಿಂದ ಸಂಜೆ ಬಸ್ಸಿನ ಹಾರ್ನ್ ಕೇಳುತ್ತದೆ. "ಬನ್ನಿ ಬನ್ನಿ, ಬಸ್ಸು ತಪ್ಪೋಗುತ್ತೆ" ಎನ್ನುತ್ತೇನೆ. ಅವರು ಓಡುತ್ತಾರೆ. ಊರು ತೋರಿಸುವುದು ನನ್ನ ಕಸುಬು ಎಂದು ಬಂದವರು ತಿಳಿದಿರುತ್ತಾರೆ. ಊರಿನವರನ್ನು ಕೇಳಿದರೆ, ಬಂದವರನ್ನು ಹೊರಡಿಸುವುದು ಗಂಗಮಾಳಮ್ಮನ ಕಸುಬು ಎನ್ನುತ್ತಾರೆ. ಅವರು ಹೇಳುವುದೇ ಸರಿ.

ನಮ್ಮ ಕಣಿವೆಯಲ್ಲಿ ಇಂತಿಷ್ಟೇ ಜನ ಹಿಡಿಯುತ್ತಾರೆ. ಹೊಸಬರೊಬ್ಬರು ಒಳಗೆ ಬಂದರೆ ಇದ್ದವರಲ್ಲಿ ಒಬ್ಬರು ಆಚೆ ಬೀಳುತ್ತಾರೆ. ಯಾರು ಎಂದು ಮೊದಲೇ ಗೊತ್ತಾಗುವುದಿಲ್ಲ. ಹಿಟ್ಟು ಕಲಸುತ್ತಿದ್ದವರು ಹಿಟ್ಟಿನ ಕೈಯಲ್ಲೇ ಸೇತುವೆಯ ಆಚೆ, ಚಹಾ ಅಂಗಡಿಯ ಹಿಂದಿನ ಹುಲ್ಲಿನ ಮೇಲೆ ಎದ್ದು ಕೂರುತ್ತಾರೆ. ನಮ್ಮ ಕ್ಷೌರಿಕ ಒಮ್ಮೆ ಕತ್ತಿಯ ಸಮೇತ ಆಚೆ ಬಿದ್ದ; ಇಲ್ಲಿ ಅಂಚೆಯಣ್ಣ ಅರ್ಧ ಮೀಸೆಯಲ್ಲಿ ಸಂಜೆಯವರೆಗೂ ಟವೆಲು ಹೊದ್ದು ನಿಂತಿದ್ದ. ಬಿದ್ದವರು ವಾಪಸ್ ಬರಬೇಕಾದರೆ ಒಳಗೆ ಜಾಗ ಖಾಲಿಯಾಗಬೇಕು. ಖಾಲಿಯಿಲ್ಲದಾಗ ಸೇತುವೆಯ ಮೇಲೆ ಎಷ್ಟು ನಡೆದರೂ ಹೊರಟ ತುದಿಗೇ ಬಂದು ಇಳಿಯುತ್ತೇವೆ. ಹೊಸಬರಿಗೆ ಮಾತ್ರ ಆ ಕಷ್ಟವಿಲ್ಲ. ಹೊಸಬರಿಗೆ ಕಣಿವೆ ಯಾವಾಗಲೂ ಜಾಗ ಮಾಡಿಕೊಡುತ್ತದೆ, ಕಾಯಿಸುವುದು ತನ್ನವರನ್ನೇ.

ಹಾಗಾಗಿ ನಮ್ಮಲ್ಲಿ ಎಲ್ಲರ ಹೆಗಲ ಮೇಲೂ ಒಂದು ಬಟ್ಟೆಯ ಗಂಟು. ಒಂದು ಕಂಬಳಿ, ಒಂದು ಜೊತೆ ಬಟ್ಟೆ, ಒಂದಿಷ್ಟು ಹುರಿಗಡಲೆ. ಹಸೆಮಣೆಯ ಮೇಲೆ ಮದುಮಗಳ ತೊಡೆಯ ಮೇಲೂ ಇರುತ್ತದೆ. ನಂಟರು ಬಂದರೆ ಬಾಗಿಲಲ್ಲೇ ಅರ್ಧ ಲೋಟ ಕಾಫಿ, ಜೊತೆಗೆ "ಯಾವಾಗ ಹೊರಟಿರಿ?" ಎಂಬ ಉಪಚಾರ. ಕೂತುಕೊಳ್ಳಿ ಎನ್ನುವ ಮಾತು ನಮ್ಮ ಬಾಯಲ್ಲಿ ಬರುವುದಿಲ್ಲ. ಬಂದವರಿಗೆ ಇದೆಲ್ಲ ಯಾಕೆಂದೂ ಹೇಳುವುದಿಲ್ಲ. ನಿಮ್ಮಿಂದ ಒಬ್ಬರು ಮನೆ ಬಿಟ್ಟಿದ್ದಾರೆ ಎಂದು ಅತಿಥಿಯ ಮುಖಕ್ಕೆ ಹೇಳುವುದುಂಟೇ? ಹೇಳದೆಯೇ ಓಡಿಸುವುದು ಮರ್ಯಾದೆ. ನಾನು ಹಾಗೇ ಓಡಿಸಿಕೊಂಡು ಬಂದೆ, ಕೂತು ಉಂಡದ್ದು ನನಗೆ ನೆನಪಿಲ್ಲ.

ಹುಟ್ಟುವ ಮಗುವೂ ಹೊಸಬರೇ. ಅದಕ್ಕೇ ಹೆರಿಗೆಯ ದಿನ ಮನೆಯವರೊಬ್ಬರು ತಾವಾಗಿಯೇ ಸೇತುವೆ ದಾಟಿ ಹೋಗುತ್ತಾರೆ. ಮಗುವಿಗೆ ಜಾಗ ಬಿಡುವುದು ಎನ್ನುತ್ತೇವೆ. ಸಾಮಾನ್ಯವಾಗಿ ಅಜ್ಜಿಯರು ಹೋಗುತ್ತಾರೆ. ಹಾಗೆ ಹೋದವರು ಊರಲ್ಲಿ ಯಾರಾದರೂ ತೀರಿಕೊಂಡ ಮೇಲೋ, ಯಾರಾದರೂ ಊರು ಬಿಟ್ಟ ಮೇಲೋ ವಾಪಸ್ ಬರಬೇಕು. ಕೆಲವರಿಗೆ ಬೇಗ ಆಗುತ್ತದೆ, ಕೆಲವರಿಗೆ ಇಲ್ಲ. ಆದ್ದರಿಂದ ಪಕ್ಕದ ಮನೆಯ ಮಗುವಿಗೆ ಜಾಗ ಬಿಡಲು ಯಾರೂ ಬರುವುದಿಲ್ಲ, ಕೇಳುವುದೂ ತಪ್ಪು. ಜಾಗ ಬಿಡದಿದ್ದರೆ ಏನಾಗುತ್ತದೆ ಎನ್ನುವುದನ್ನು ನಾವು ಬಣ್ಣದ ಬೀದಿಯ ಪುಟ್ಟೀರಿಯ ವಿಷಯದಲ್ಲಿ ನೋಡಿದ್ದೇವೆ. ಏಳನೇ ತಿಂಗಳಲ್ಲೇ ನೋವು ಬಂದು, ಯಾರೂ ಹೊರಡುವ ಮೊದಲೇ ಮಗು ಬಂದುಬಿಟ್ಟಿತು. ಅತಿಥಿ ಬಂದರೆ ಯಾರನ್ನಾದರೂ ಎತ್ತಿ ಹಾಕುವ ಕಣಿವೆ, ಮಗು ಬಂದರೆ ಎತ್ತಿ ಹಾಕುವುದು ಹೆತ್ತವಳನ್ನೇ. ಸೂಲಗಿತ್ತಿಯ ಕೈಯಲ್ಲಿ ಕೂಸು ಅಳುತ್ತಿತ್ತು, ಚಾಪೆ ಖಾಲಿಯಾಗಿತ್ತು. ಪುಟ್ಟೀರಿ ವಾಪಸ್ ಬರುವ ಹೊತ್ತಿಗೆ ಮಗು ಅಂಬೆಗಾಲಿಡುತ್ತಿತ್ತು. ಅವಳು ಕೈ ಚಾಚಿದರೆ ಹೆದರಿ, ತನ್ನನ್ನು ಸಾಕಿದ ಅವಳ ಅತ್ತಿಗೆಯ ಸೆರಗು ಹಿಡಿಯಿತು.

ನನ್ನ ಮಗಳು ಹೊನ್ನಾಜಿಗೆ ದಿನ ತುಂಬಿದಾಗ ನಾನು ಹೋಗಲು ದೊಡ್ಡ ಗಂಟೊಂದನ್ನು ಕಟ್ಟಿಟ್ಟಿದ್ದೆ. ಅವಳು ಬಿಡಲಿಲ್ಲ. "ಅಮ್ಮ, ನೀನು ಪಕ್ಕದಲ್ಲಿರ್ಬೇಕು. ನೀನಿಲ್ದೆ ನಂಗಾಗಲ್ಲ" ಎಂದು ಹಟ ಹಿಡಿದಳು. ಆಗ ಅವಳ ಗಂಡ ಚೆನ್ನಿಗ, ನನ್ನ ಅಣ್ಣನ ಮಗನೇ ಅವನು, "ನಾ ಹೋಗ್ತೀನತ್ತೆ. ನೀವಿಬ್ರೂ ಜೊತೇಲಿರಿ" ಎಂದ. ಗಂಡಸರು ಜಾಗ ಬಿಟ್ಟದ್ದನ್ನು ನಮ್ಮೂರು ಅಷ್ಟಾಗಿ ಕಂಡಿಲ್ಲ. ಮಗುವಿನ ಮುಖ ನೋಡುವುದನ್ನು ಬಿಟ್ಟುಕೊಟ್ಟು ಹೊರಟವನನ್ನು ಬೇಡ ಎನ್ನಬೇಕಿತ್ತು. ನಾನು ಅನ್ನಲಿಲ್ಲ. ಮೊಮ್ಮಗುವನ್ನು ಮೊದಲ ಉಸಿರಿನಲ್ಲೇ ನೋಡುವ ಅಜ್ಜಿ ನಾನಾಗುತ್ತೇನೆ ಎಂದು ಒಳಗೊಳಗೇ ಕುಣಿದೆ.

ಬೆಳಗ್ಗೆ ನೋವು ಕಾಣಿಸಿಕೊಂಡ ಕೂಡಲೇ ಚೆನ್ನಿಗ ಹೊರಟ. ಸೇತುವೆಯ ಕಾವಲಿನ ಲಕ್ಕಯ್ಯ ರೂಢಿಯಂತೆ ಕಂಬಕ್ಕೆ ಕೆಂಪು ಬಟ್ಟೆ ಕಟ್ಟಿದ. ಅದು ಕಟ್ಟಿದ ದಿನ ಹೊಸಬರನ್ನು ಒಳಗೆ ಬಿಡುವಂತಿಲ್ಲ, ಸೇತುವೆ ರಿಪೇರಿ ಎಂದು ಹೇಳಿ ಕಳಿಸಬೇಕು. ಆಚೆ ಕಾಯುವವರೂ ಅಂದು ಸೇತುವೆಗೆ ಕಾಲಿಡುವುದಿಲ್ಲ. ಸೂಲಗಿತ್ತಿ ಸಣ್ಣತಾಯಮ್ಮ ಹೊನ್ನಾಜಿಯ ಹೊಟ್ಟೆ ಮುಟ್ಟಿ ನೋಡಿ, "ಚೊಚ್ಚಲು ಕಣಮ್ಮ, ಸಂಜೆ ಆಗ್ತದೆ. ನೀನು ಹಿಂಗೆ ಒಳಗೂ ಹೊರಗೂ ಸುತ್ತಬ್ಯಾಡ, ನಂಗೇ ತಲೆ ತಿರುಗ್ತದೆ. ಹೋಗಿ ಜೇನುತುಪ್ಪ ತಗಂಬಾ" ಎಂದು ನನ್ನನ್ನು ಹೊರಗೆ ಕಳಿಸಿದಳು.

ಗೋಪುರದ ಹತ್ತಿರ ಬರುವಾಗ ಗಂಟು ಹೊತ್ತ ಮುದುಕರೊಬ್ಬರು ಕತ್ತು ಎತ್ತಿ ಗಡಿಯಾರ ನೋಡುತ್ತಿದ್ದರು. ನಮ್ಮವರೇ ಯಾರೋ ಎಂದು ದಾಟಿ ಹೋದೆ. ನಾಲ್ಕು ಹೆಜ್ಜೆ ಹೋದ ಮೇಲೆ ಕಾಲು ನಿಂತವು. ನಮ್ಮವರು ಯಾರೂ ಆ ಗಡಿಯಾರ ನೋಡುವುದಿಲ್ಲ, ಅದು ಕೆಟ್ಟು ಯಾವ ಕಾಲವಾಯಿತೋ. ತಿರುಗಿ ಬಂದು, "ಯಾವಾಗ ಹೊರಟಿರಿ ಸ್ವಾಮಿ?" ಎಂದೆ.

"ಹೊರಡೋದೆಲ್ಲಿ ಬಂತಮ್ಮ, ಈಗ ತಾನೇ ಬಂದೆ" ಎಂದು ಅವರು ನಕ್ಕರು.

ಚೆನ್ನಿಗ ಬಿಟ್ಟುಹೋದ ಜಾಗದಲ್ಲಿ ಈ ಮನುಷ್ಯ ನಿಂತಿದ್ದರು. ಆಮೇಲೆ ಗೊತ್ತಾಯಿತು, ಅವರ ಚೀಲದ ಜಿಪ್ಪು ಬಸ್ಸಿನಲ್ಲಿ ಕಿತ್ತುಹೋಗಿ, ಸಾಮಾನನ್ನೆಲ್ಲ ಒಂದು ಪಂಚೆಯಲ್ಲಿ ಗಂಟು ಕಟ್ಟಿ ಹೆಗಲಿಗೆ ಹಾಕಿಕೊಂಡಿದ್ದರು. ಗಂಟು ಕಂಡ ಲಕ್ಕಯ್ಯ ನಮ್ಮೂರವರೇ ಎಂದುಕೊಂಡ. ಆಚೆ ಹೋಗಿದ್ದವರು ಯಾರೋ, ಕೆಂಪು ಬಟ್ಟೆ ಕಟ್ಟುವ ಮೊದಲೇ ಸೇತುವೆ ಹತ್ತಿರಬೇಕು ಎಂದು ಕೈಯೆತ್ತಿ ನಮಸ್ಕಾರವನ್ನೂ ಮಾಡಿದನಂತೆ.

ಅವರ ಹೆಸರು ದೇವೇಂದ್ರಪ್ಪ. ರೈಲಿನಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು. "ಸೇತುವೆ ಸರಿಯಿಲ್ಲ, ಸ್ವಾಮಿ. ಈಗಲೇ ಆಚೆ ಹೋಗಿಬಿಟ್ರೆ ಒಳ್ಳೇದು" ಎಂದೆ. "ಬಸ್ಸಿರೋದು ಸಂಜೆಗಲ್ವ? ಅಲ್ಲೀವರೆಗೂ ಆಚೆ ಕೂತು ಏನ್ ಮಾಡ್ಲಿ? ಅಷ್ಟು ದೂರದಿಂದ ಬಂದಿದೀನಿ" ಎಂದರು. ಅವರ ಮಾತಿನಲ್ಲಿ ತಪ್ಪೇನಿರಲಿಲ್ಲ. ಊರು ತೋರಿಸದೆ ಯಾರನ್ನೂ ಹೊರಡಿಸಲಾಗದು ಎನ್ನುವುದು ನನಗಿಂತ ಯಾರಿಗೆ ಗೊತ್ತು? ಮನಸ್ಸಿನಲ್ಲೇ ದಾರಿ ಹೆಣೆದೆ. ಅರಮನೆ ಬಿಡುವುದು, ಗಾಳಿಗುಡ್ಡ ಬಿಡುವುದು. ಬಣ್ಣದ ಬೀದಿ, ತೋಟ, ಕೊಳ, ಅಲ್ಲಿಂದ ನೇರ ಸೇತುವೆ. ಮಧ್ಯಾಹ್ನದೊಳಗೆ ಈ ಪುಣ್ಯಾತ್ಮರು ಆಚೆ ಇರಬೇಕು. "ಬನ್ನಿ, ನಾನೇ ತೋರಿಸ್ತೀನಿ" ಎಂದು ಅವರ ಗಂಟನ್ನು ಕಸಿದು ನನ್ನ ಹೆಗಲಿಗೆ ಹಾಕಿಕೊಂಡೆ.

ನನ್ನ ಕೈಗೆ ಎಂಥೆಂಥವರೋ ಸಿಕ್ಕಿದ್ದಾರೆ, ಇಂಥವರು ಸಿಕ್ಕಿರಲಿಲ್ಲ. ಬಣ್ಣದ ಬೀದಿಯಲ್ಲಿ ನೀಲಿ ಹನಿ ಬಿದ್ದರೆ ಅದು ಒಣಗುವವರೆಗೂ ಅಂಗೈ ಮುಂದೆ ಹಿಡಿದು ನಿಂತರು. ಹಂಡೆ ಕಲಕುತ್ತಿದ್ದವರನ್ನು, ಈ ಕೆಂಪು ಯಾವ ಬೇರಿನದು, ಎಷ್ಟು ಹೊತ್ತು ಕುದಿಸಬೇಕು ಎಂದು ಕೇಳಿದರು. ಬಣ್ಣದವರು ನನ್ನ ಮುಖ ನೋಡಿದರು. ನಾನು ಕಣ್ಣಲ್ಲೇ ಬೈದೆ, ಬಾಯಿ ಮುಚ್ಚಿದರು. ಪೀಚ್ ತೋಟದಲ್ಲಿ ಮರಕ್ಕೆ ಒರಗಿ ಕೂತೇಬಿಟ್ಟರು. ನಮ್ಮ ತೋಟದಲ್ಲಿ ಕೂತ ಮನುಷ್ಯನನ್ನು ನಾನು ಅದೇ ಮೊದಲು ಕಂಡದ್ದು. "ಸ್ವಾಮಿ, ಏಳಿ, ಇರುವೆಗಳಿದಾವೆ" ಎಂದೆ.

"ಇರ್ಲಿ ಬಿಡಮ್ಮ, ಅವೂ ಊರಿನವೇ" ಎಂದರು. "ಜೀವಮಾನವೆಲ್ಲ ಊರುಗಳನ್ನ ರೈಲಿನ ಕೊನೇ ಡಬ್ಬಿಯಿಂದ ನೋಡಿದೀನಿ. ಹಸಿರು ಬಾವುಟ ತೋರಿಸೋದು, ಹೊರಡೋದು. ಒಂದೂರನ್ನಾದ್ರೂ ಕೂತು ನೋಡೋಣ ಅಂತ ಬಂದೆ. ಇಲ್ಲಿ ರಾತ್ರಿ ಉಳಿಯೋಕೆ ಲಾಡ್ಜ್ ಇಲ್ವ?"

"ಇಲ್ಲ" ಎಂದೆ. ಲಾಡ್ಜು ನಿಜವಾಗಿಯೂ ಇಲ್ಲ. ಆದರೆ ನಾನು ಅದನ್ನು ಹೇಳಿದ ರೀತಿಗೆ ಅವರು ಎದ್ದು ನಿಂತರು. ನನಗೆ ಅವರ ಮೇಲೆ ಸಿಟ್ಟಿರಲಿಲ್ಲ, ಬೇರೆ ದಿನವಾಗಿದ್ದರೆ ಕೊಳದ ಕತೆಯನ್ನೂ ಹೇಳುತ್ತಿದ್ದೆನೇನೋ. ಅಂದು ನನ್ನ ಕಿವಿಯೆಲ್ಲ ಮನೆಯ ಕಡೆಗೇ ಇತ್ತು.

ತೋಟದ ಬೇಲಿ ದಾಟುವಾಗ ಪಕ್ಕದ ಮನೆಯ ಮುದ್ದವ್ವ ಏದುಸಿರು ಬಿಡುತ್ತ ಎದುರಾದಳು. ಅತಿಥಿಗೆ ಕೇಳದ ಹಾಗೆ ನನ್ನ ಕಿವಿಯ ಹತ್ತಿರ ಬಂದು, "ಸಂಜೆಗಂಟ ಇಲ್ವಂತೆ ಗಂಗಮಾಳಕ್ಕ, ಬಿರಬಿರನೆ ಬತ್ತಾ ಐತಂತೆ. ಸಣ್ಣತಾಯವ್ವ ನಿಂಗೆ ಹೇಳು ಅಂದ್ಲು. ಜಾಗ ಐತಲ್ವ?" ಎಂದಳು. ನಾನು ಅತಿಥಿಯ ಕಡೆ ಕಣ್ಣು ತೋರಿಸಿದೆ. ಅವಳು ಬಾಯಿಗೆ ಸೆರಗು ಒತ್ತಿಕೊಂಡಳು.

ಆಮೇಲೆ ನಾನು ನಡೆಯಲಿಲ್ಲ, ಓಡಿದೆ. ಅವರ ತೋಳು ಹಿಡಿದುಕೊಂಡೇ ಓಡಿದೆ. ಕೊಳದ ಮೆಟ್ಟಿಲಿಳಿದು ಹೋದರೆ ಸೇತುವೆಗೆ ಅಡ್ಡದಾರಿ. ಬಿಸಿನೀರಿನ ಆವಿಗೆ ಆ ಮೆಟ್ಟಿಲುಗಳು ಸದಾ ಜಾರುತ್ತವೆ. ಯಾರನ್ನು ಕರೆದುಕೊಂಡು ಹೋದರೂ, ನಿಧಾನ, ಕೈ ಹಿಡಿಯಿರಿ ಎನ್ನುತ್ತೇನೆ. ಅಂದು ಅನ್ನಲಿಲ್ಲ. "ಬೇಗ, ಬೇಗ ಬನ್ನಿ" ಎಂದು ಎಳೆದೆ. ಅವರು ಜಾರಿದರು. ಕಾಲು ಹೊರಳಿದ ಸದ್ದು ನನಗೂ ಕೇಳಿಸಿತು. ನೋಡುನೋಡುತ್ತಿದ್ದಂತೆ ಪಾದ ಊದಿಕೊಂಡಿತು.

ಅಷ್ಟು ಜನರನ್ನು ಊರಿನಿಂದ ಸಲೀಸಾಗಿ ಹೊರಡಿಸಿದವಳು ನಾನು, ಹೊರಡಲೇಬೇಕಾಗಿದ್ದ ಒಬ್ಬರ ಕಾಲನ್ನು ನನ್ನ ಅವಸರದಿಂದಲೇ ಉಳುಕಿಸಿದ್ದೆ. ತಲೆ ಚಚ್ಚಿಕೊಳ್ಳುವುದಕ್ಕೂ ಹೊತ್ತಿರಲಿಲ್ಲ. ಕೊಳದ ಹಿಂದೆಯೇ ನಮ್ಮ ಮನೆ. ಸ್ನಾನಕ್ಕೆ ಬಂದಿದ್ದ ಇಬ್ಬರನ್ನು ಕೂಗಿ, ದೇವೇಂದ್ರಪ್ಪನವರನ್ನು ಎತ್ತಿಸಿಕೊಂಡು ಬಂದು ಜಗುಲಿಯ ಮೇಲೆ ಮಲಗಿಸಿ, ಅವರ ಗಂಟನ್ನು ತಲೆಯಡಿಗಿಟ್ಟೆ. ಅಲ್ಲಿಂದ ಸೇತುವೆಗೆ ಬರೀ ಮೆಟ್ಟಿಲುಗಳು. ಡೋಲಿ ಕಟ್ಟಿ, ಜನ ಸೇರಿಸಿ, ಅವರನ್ನು ಇಳಿಸುವ ಹೊತ್ತಿಗೆ ಮಧ್ಯಾಹ್ನ ಕಳೆಯುತ್ತದೆ. ಒಳಗಿನಿಂದ ಹೊನ್ನಾಜಿಯ ಕೂಗು ಕೇಳಿತು, ಸ್ವಲ್ಪ ಹೊತ್ತಿಗೆ ಇನ್ನೊಂದು. ಸಣ್ಣತಾಯಮ್ಮ ಬಾಗಿಲಿಗೆ ಬಂದು ಜಗುಲಿಯ ಮೇಲಿದ್ದವರನ್ನು ನೋಡಿದಳು, ನನ್ನನ್ನು ನೋಡಿದಳು, ಒಳಗೆ ಹೋದಳು. ಅವಳು ಒಂದು ಮಾತು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

"ಮಗಳಿಗೆ ಹೆರಿಗೆಯಾ? ಇಂಥಾ ಹೊತ್ತಲ್ಲಿ ನನ್ ಹಿಂದೆ ಯಾಕಮ್ಮ ಸುತ್ತಿದೆ?" ಎಂದು ದೇವೇಂದ್ರಪ್ಪನವರು ನೋವಿನಲ್ಲೂ ನನ್ನನ್ನೇ ಗದರಿದರು.

ಆಗ ನಮ್ಮೂರಿನವರು ಯಾರೂ ಮಾಡದ ಕೆಲಸ ಮಾಡಿದೆ. ಎಲ್ಲವನ್ನೂ ಹೇಳಿದೆ. ಕಣಿವೆ, ಸೇತುವೆ, ಚೆನ್ನಿಗ ಬಿಟ್ಟ ಜಾಗ, ಪುಟ್ಟೀರಿಯ ಖಾಲಿ ಚಾಪೆ. ನಂಬುತ್ತಾರೋ ಇಲ್ಲವೋ ಎಂದು ನೋಡುವುದಕ್ಕೂ ನನಗೆ ಪುರಸೊತ್ತಿರಲಿಲ್ಲ. ಅವರು ಏಳಲು ಹೋಗಿ ಮತ್ತೆ ಬಿದ್ದರು. "ಗೋಪುರದ ಹತ್ರಾನೇ ಹೇಳಬಾರದಿತ್ತಾ? ಒಂದೇ ಒಂದು ಮಾತು. ಅಲ್ಲಿಂದಲೇ ತಿರುಗಿ ಹೋಗ್ತಿದ್ದೆನಲ್ಲಮ್ಮ" ಎಂದರು.

ಅದು ಸತ್ಯ. ಇಷ್ಟು ಕಾಲ ನಾವು ಮರ್ಯಾದೆ ಎಂದು ಮುಚ್ಚಿಟ್ಟುಕೊಂಡಿದ್ದನ್ನು ಹೇಳಿದ್ದರೆ ಅರ್ಧ ಜನ ತಾವಾಗಿಯೇ ಹೊರಟುಹೋಗುತ್ತಿದ್ದರೇನೋ. ಆ ಯೋಚನೆ ಬಂತು, ನಿಲ್ಲಲಿಲ್ಲ. ಅದರ ಹಿಂದೆಯೇ ಇನ್ನೊಂದು ಬಂತು. ಬೆಳಗಿನಿಂದ ಈ ಮನುಷ್ಯನನ್ನು ಹೊರಗೆ ಹಾಕುವುದು ಹೇಗೆ ಎಂದೇ ಒದ್ದಾಡುತ್ತಿದ್ದೆ. ಹೋಗಬೇಕಾದವಳು ನಾನು ಎನ್ನುವುದು ಒಂದು ಸಲವೂ ತಲೆಗೆ ಹೊಳೆದಿರಲಿಲ್ಲ. ಹೊಳೆದಿರಲಿಲ್ಲ ಎನ್ನುವುದೂ ಸುಳ್ಳು. ಹೊಳೆದಾಗಲೆಲ್ಲ ಬೇರೆ ಕಡೆ ತಿರುಗಿದ್ದೆ. ನನಗೆ ಆ ಮಗುವನ್ನು ನೋಡಬೇಕಿತ್ತು. ಅಷ್ಟೇ.

ಒಳಗೆ ಹೋದರೆ ಹೊರಗೆ ಬರಲಾರೆ ಎಂದು ಕೋಣೆಯ ಹೊಸ್ತಿಲಲ್ಲೇ ನಿಂತೆ. ಹೊನ್ನಾಜಿಯ ಮುಖ ಬೆವರಿನಲ್ಲಿ ತೊಯ್ದಿತ್ತು. ಅವಳ ಕಣ್ಣು ನನ್ನ ಮುಖದಿಂದ ಹೆಗಲ ಮೇಲಿನ ಆ ದೊಡ್ಡ ಗಂಟಿಗೆ ಇಳಿಯಿತು.

"ಎಲ್ಲಿಗೆ ಹೊರಟೆ?"

"ಜಾಗ ಹೋಯ್ತು ಮಗಳೇ. ಹೊಸಬರು ಬಂದ್ಬಿಟ್ಟಿದಾರೆ."

"ಇರ್ತೀನಿ ಅಂದಿದ್ದೆ."

"ಅಂದಿದ್ದೆ. ನಾ ಇದ್ರೆ ನೀನು ಹೋಗ್ತೀಯ ಹೊನ್ನಿ. ಅದು ನನ್ನ ಕೈಲಾಗಲ್ಲ."

ಅವಳಿಗೆ ಮತ್ತೊಂದು ನೋವು ಬಂತು. ಸಣ್ಣತಾಯಮ್ಮನ ಕೈಯನ್ನು ಗಟ್ಟಿಯಾಗಿ ಹಿಡಿದು, ಹಲ್ಲು ಕಚ್ಚಿ, ನನ್ನನ್ನೇ ನೋಡುತ್ತ, ಹೋಗು ಎನ್ನುವಂತೆ ಗದ್ದ ಅಲ್ಲಾಡಿಸಿದಳು. ಜಗುಲಿಯಲ್ಲಿ ದೇವೇಂದ್ರಪ್ಪನವರು, "ನಾನೇನು ಮಾಡ್ಲಮ್ಮ?" ಎಂದು ಕೇಳಿದರು. "ಏನೂ ಬೇಡ, ಮಲಗಿರಿ. ಯಾರಾದ್ರೂ ಬಿಸಿನೀರಿನ ಕಾವು ಕೊಡ್ತಾರೆ" ಎಂದು ಹೇಳಿ ಮೆಟ್ಟಿಲಿಳಿದೆ.

ಓಡುವಾಗ ಒಂದೇ ಹೆದರಿಕೆ, ನಾನು ದಾಟುವ ಮೊದಲೇ ಮಗು ಬಂದುಬಿಟ್ಟರೆ? ಲಕ್ಕಯ್ಯ ನನ್ನ ಗಂಟನ್ನೂ ಮುಖವನ್ನೂ ನೋಡಿ, ಏನಾಯಿತೆಂದು ತಾನೇ ತಿಳಿದುಕೊಂಡು ಕೈಮುಗಿದ. ಈ ಸೇತುವೆಯವರೆಗೆ ಎಷ್ಟೋ ಜನರನ್ನು ಕರೆತಂದಿದ್ದೇನೆ, ಹಲಗೆಯ ಮೇಲೆ ಮಾತ್ರ ಯಾವತ್ತೂ ಕಾಲಿಟ್ಟಿರಲಿಲ್ಲ. ಕಣಿವೆ ನನ್ನನ್ನು ಒಂದು ಸಲವೂ ಎತ್ತಿ ಹಾಕಿರಲಿಲ್ಲ. ಹಲಗೆಗಳು ಕಾಲಡಿಯಲ್ಲಿ ತೂಗಾಡಿದವು. ಕೆಳಗೆ ಹೊಳೆ ಬೆಳ್ಳಗೆ ನೊರೆಗರೆಯುತ್ತಿತ್ತು.

ಆಚೆ ತುದಿಯಲ್ಲಿ ಚೆನ್ನಿಗ ಹುಲ್ಲಿನ ಕಡೆ ಮುಖ ಮಾಡಿ ನಿಂತಿದ್ದ. ಆಚೆ ಬಿದ್ದವರು ಅಲ್ಲೇ ಕಾಣಿಸಿಕೊಳ್ಳುವುದು. ನನ್ನನ್ನು ಕಂಡವನೇ ಬಿಳಿಚಿಕೊಂಡ. "ಅತ್ತೆ, ನೀವ್ಯಾಕೆ? ಹೊನ್ನಿ?"

"ಇನ್ನೂ ಆಗಿಲ್ಲ" ಎಂದು ನಡೆದದ್ದನ್ನು ಉಸಿರಿಗೊಂದು ಮಾತಿನಂತೆ ಹೇಳಿದೆ. ಅವನು ಮತ್ತೆ ಹುಲ್ಲಿನ ಕಡೆ ತಿರುಗಿದ. ಕಾಯುತ್ತಿದ್ದ ನಾಲ್ಕಾರು ಜನ ಚಹಾ ಅಂಗಡಿಯಿಂದ ನಮ್ಮನ್ನು ನೋಡುತ್ತಿದ್ದರು. ಒಳಗೆ ಒಂದು ಜಾಗ ಖಾಲಿಯಿದೆ ಎಂದು ಅವರಿಗೂ ಗೊತ್ತಾಗಿತ್ತು. ಎಷ್ಟೋ ಕಾಲದಿಂದ ಮನೆಯ ಮುಖ ಕಾಣದವರು ಅವರಲ್ಲಿದ್ದರು. ಆದರೂ ಯಾರೊಬ್ಬರೂ ಕದಲಲಿಲ್ಲ.

ಮಗು ಬಂತೋ ಇಲ್ಲವೋ ತಿಳಿಯುವುದು ಹೇಗೆ? ಕೂಗಿದರೆ ಕೇಳುವ ದೂರವಲ್ಲ. ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಸೇತುವೆಯನ್ನೇ ಕೇಳೋಣ ಎಂದು ಹತ್ತಿ ನಡೆದೆ. ಲಕ್ಕಯ್ಯನ ಗುಡಿಸಲು ಹತ್ತಿರ ಹತ್ತಿರ ಬಂತು. ಇನ್ನೊಂದು ಹಲಗೆ ದಾಟಿದರೆ ಒಳಗೆ. ಜಾಗ ಇನ್ನೂ ಖಾಲಿಯೇ ಇದೆ, ಮಗು ಬಂದಿಲ್ಲ. ತಿರುಗಿ ಬಂದೆ. ಮತ್ತೆ ಹೋದೆ, ಮತ್ತೆ ಗುಡಿಸಲು ಕಂಡಿತು, ಮತ್ತೆ ಬಂದೆ. ಹೋದಾಗಲೆಲ್ಲ ಆ ಕೊನೆಯ ಹಲಗೆಯ ಮುಂದೆ ನಿಂತಾಗ, ದಾಟಿಬಿಡು, ಇನ್ನೂ ಹೊತ್ತಿದೆ, ಓಡಿ ಹೋಗಿ ಅವಳ ಕೈ ಹಿಡಿ ಎಂದು ಮನಸ್ಸು ಎಳೆಯುತ್ತಿತ್ತು. ಒಂದು ಸಲ ಕಾಲೆತ್ತಿಯೂ ಬಿಟ್ಟೆ. ಲಕ್ಕಯ್ಯ ಅಲ್ಲಿಂದಲೇ ಬೇಡ ಬೇಡ ಎಂದು ಕೈ ಬೀಸಿದ. ಎತ್ತಿದ ಕಾಲನ್ನು ಹಿಂದಕ್ಕಿಟ್ಟೆ.

"ಅತ್ತೆ, ಒಂದು ಗಳಿಗೆ ಸುಮ್ನಿರಿ" ಎಂದ ಚೆನ್ನಿಗ. ಅವನು ಹುಲ್ಲಿನಿಂದ ಕಣ್ಣು ಕೀಳದೆ ನಿಂತಿದ್ದ. ನನಗೆ ಆ ಕಡೆ ನೋಡುವ ಧೈರ್ಯವಿರಲಿಲ್ಲ, ಅದಕ್ಕೇ ನಡೆಯುತ್ತಿದ್ದೆ.

ಬಿಸಿಲು ಬೆಟ್ಟದ ಆ ಮಗ್ಗುಲಿಗೆ ಜಾರುವ ಹೊತ್ತಿಗೆ ಮತ್ತೊಮ್ಮೆ ಸೇತುವೆ ಹತ್ತಿದೆ. ಹಲಗೆಗಳು ತೂಗಿದವು. ಹೊಳೆ ಕಂಡಿತು. ಎದುರಿಗೆ ಗುಡಿಸಲು ಕಂಡಿತು, ಹತ್ತಿರ ಬಂತು, ಕೊನೆಯ ಹಲಗೆಯ ಮುಂದೆ ಬಂದು ತಲೆಯೆತ್ತಿ ನೋಡುತ್ತೇನೆ, ಎದುರಿಗೆ ಚೆನ್ನಿಗ ನಿಂತಿದ್ದಾನೆ. ಹಿಂತಿರುಗಿ ನೋಡಿದರೆ ಇಡೀ ಸೇತುವೆ ನನ್ನ ಬೆನ್ನ ಹಿಂದಿತ್ತು. ನಾನು ತಿರುಗಿರಲಿಲ್ಲ.

ಇಬ್ಬರೂ ಒಟ್ಟಿಗೇ ಹುಲ್ಲಿನ ಕಡೆ ನೋಡಿದೆವು. ಒಂದು ಮೇಕೆ ಮೇಯುತ್ತಿತ್ತು. ಬೇರೆ ಯಾರೂ ಇರಲಿಲ್ಲ. ಎಷ್ಟು ಹೊತ್ತು ನೋಡಿದರೂ ಯಾರೂ ಬರಲಿಲ್ಲ.

"ಬಂತು ಕಣೋ" ಎಂದೆ. "ಬಂತು. ಅವಳೂ ಅಲ್ಲೇ ಇದಾಳೆ."

"ಗಂಡೋ ಹೆಣ್ಣೋ ಅತ್ತೆ?"

"ಅದು ನಂಗೆಂಗೆ ಗೊತ್ತಾಗ್ಬೇಕು?" ಎಂದೆ. ನನಗೆ ನಗು ಬಂತು, ನಗುತ್ತಿದ್ದಂತೆ ಅಳುವೂ ಬಂತು, ತಡೆಯಲಿಲ್ಲ.

ಚೆನ್ನಿಗ ಸೇತುವೆ ಹತ್ತಿದ. ಅವನ ಬೆನ್ನು ದೂರ ದೂರ ಹೋಗುವುದನ್ನು ನೋಡುತ್ತ ನಿಂತೆ. ರೆಪ್ಪೆ ಬಡಿಯುವಷ್ಟರಲ್ಲಿ ನನ್ನ ಕಡೆಗೇ ನಡೆದು ಬರುತ್ತಿದ್ದ, ಎರಡೂ ಕೈಯಲ್ಲಿ ಕಣ್ಣೊರೆಸಿಕೊಳ್ಳುತ್ತ.

"ಇನ್ನೊಂದ್ಸಲ ನೋಡ್ತೀನತ್ತೆ" ಎಂದ.

"ನೋಡು" ಎಂದೆ.